ಮೂವತ್ತು ಹೆಜ್ಜೆ ಆಚೆಯ ಗುಡ್ಲು

ಮೊನ್ನೆ ಸೊಸೆ ಸಂತೆಯಿಂದ ಹಸಿ ಕಡಲೆಕಾಯಿ ತಂದಳು. ಗಿಡದ ಸಮೇತ ಕಿತ್ತದ್ದು, ಬೇರಿನಲ್ಲಿ ಇನ್ನೂ ಕೆಂಪು ಮಣ್ಣು ಅಂಟಿಕೊಂಡಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಸುರಿದದ್ದೇ ತಡ, ಆ ವಾಸನೆಗೆ ಮೂಗಿಗೆ ಸೆರಗು ಹಿಡಿದೆ. ಎದ್ದು ಹೊರಗೆ ಬಂದರೆ ಅಲ್ಲಿ ಮೊಮ್ಮಗಳು ಫೋನು ಹಿಡಿದು ಕೂತಿದ್ದಳು. ಪ್ರಪಂಚದ ಕುಖ್ಯಾತ ಸರಣಿ ಕೊಲೆಗಾರರ ಕಥೆಯಂತೆ. ಯಾವ ದೇಶದವನು, ಎಷ್ಟು ಜನರನ್ನು ಮುಗಿಸಿದ, ಹೇಗೆ ಸಿಕ್ಕಿಬಿದ್ದ ಅಂತ ಒಬ್ಬ ರಾಗವಾಗಿ ಹೇಳುತ್ತಿದ್ದ.

"ಅಜ್ಜಿ, ಇವನ ಕಣ್ಣು ನೋಡು. ನೋಡಿದ್ರೇ ಗೊತ್ತಾಗಲ್ವಾ ಕೊಲೆಗಾರ ಅಂತ?" ಎಂದಳು.

"ಗೊತ್ತಾಗಲ್ಲ ಕಣೇ" ಎಂದೆ. ನನ್ನ ದನಿ ಹೇಗಿತ್ತೋ, ಅವಳು ಫೋನು ಆರಿಸಿ ನನ್ನ ಮುಖ ನೋಡಿದಳು. ಅದು ನನಗೆ ಹೇಗೆ ಗೊತ್ತು ಅಂತ ಈ ನಲವತ್ತೈದು ವರ್ಷ ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ, ಅದೂ ಆ ವಾಸನೆಯಿಂದ ತಪ್ಪಿಸಿಕೊಳ್ಳಲಾಗದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷ. ನನಗೆ ಇಪ್ಪತ್ತಮೂರು. ಕೊರಟಗೆರೆಯ ಹುಡುಗಿ, ಹೆರಿಗೆ ನರ್ಸಿನ ತರಬೇತಿ ಮುಗಿಸಿ ಮಿಡಿಗೇಶಿ ಕಡೆಗೆ ಕೆಲಸಕ್ಕೆ ಬಂದಿದ್ದೆ. ಬಾಡಿಗೆ ಮನೆಯ ಒಂದು ಕೋಣೆ ಆರೋಗ್ಯ ಉಪಕೇಂದ್ರ, ಅದರ ಹಿಂದಿನ ಇನ್ನೊಂದು ಕೋಣೆ ನನ್ನ ಮನೆ. ಸುತ್ತ ಏಳೆಂಟು ಹಳ್ಳಿ ನನ್ನ ಪಾಲಿಗೆ. ಚುಚ್ಚುಮದ್ದು, ಬಸುರಿಯರ ಲೆಕ್ಕ, ಹುಟ್ಟಿದವರ ಸತ್ತವರ ಪುಸ್ತಕ ಎಲ್ಲ ನನ್ನದೇ. ಬಿಳಿ ಸೀರೆ ಉಟ್ಟು, ಚರ್ಮದ ಬ್ಯಾಗು ಹಿಡಿದು ಹೊರಟರೆ ನನಗೆ ನಾನೇ ದೊಡ್ಡ ಡಾಕ್ಟರು. ಅಷ್ಟು ಜಂಬವಿತ್ತು.

ಆ ಹಳ್ಳಿಗಳಲ್ಲಿ ಒಂದು ಕುರಿ ಸಾಕುವವರ ಹಟ್ಟಿ. ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ನಲವತ್ತು ಮನೆ, ಸುತ್ತ ಎದೆಮಟ್ಟದ ಮುಳ್ಳುಬೇಲಿ, ಒಂದೇ ಬಾಗಿಲು. ಬೇಲಿಯ ಒಳಗೆ ದೇವರಿದೆ, ಕುರಿಯಿದೆ, ಹಾಗಾಗಿ ಮೈಲಿಗೆ ಒಳಗೆ ಬರಕೂಡದು. ಮುಟ್ಟಾದ ಹೆಂಗಸು ಬೇಲಿಯಿಂದ ಮೂವತ್ತು ಹೆಜ್ಜೆ ಆಚೆ, ಹುಲ್ಲು ಹೊದಿಸಿದ ಒಂದು ಗುಡ್ಲಿನಲ್ಲಿ ಇರಬೇಕು. ಹೆತ್ತವಳೂ ಅಲ್ಲೇ, ಮಗುವಿನ ಜೊತೆ, ತಿಂಗಳುಗಟ್ಟಲೆ. ಬಗ್ಗಿ ತೆವಳಿಕೊಂಡು ಒಳಹೋಗುವಷ್ಟು ಎತ್ತರ. ಮಳೆ ಬಂದರೆ ಮೇಲಿಂದಲೂ ನೀರು, ಕೆಳಗಿಂದಲೂ ನೀರು. ಅವಳನ್ನು ಯಾರೂ ಮುಟ್ಟುವಂತಿಲ್ಲ. ಊಟವನ್ನು ಒಂದು ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಾರೆ, ಆಮೇಲೆ ಅವಳು ಬಂದು ತೆಗೆದುಕೊಳ್ಳುತ್ತಾಳೆ.

ಹೀಗೆ ಊಟ ಇಡುತ್ತಿದ್ದವನು ಸಣ್ಣಪ್ಪ. ಮೂವತ್ತೈದು ದಾಟಿದ, ಹೆಂಡತಿ ಸತ್ತ ಗಂಡಸು. ಹಟ್ಟಿಯ ಮಿಕ್ಕ ಗಂಡಸರೆಲ್ಲ ಬೆಳಿಗ್ಗೆಯೇ ಕುರಿ ಹೊಡೆದುಕೊಂಡು ಹೋದರೆ, ಮೇಯಲು ಹೋಗಲಾರದ ಎಳೆ ಮರಿಗಳನ್ನು ನೋಡಿಕೊಳ್ಳಲು ಇವನು ಉಳಿಯುತ್ತಿದ್ದ. ತಾಯಿ ಸತ್ತ ಮರಿಗೆ ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸುತ್ತಿದ್ದ. ಅವನ ಅಂಗಿಯ ಮೇಲೆ ಯಾವಾಗಲೂ ಉಣ್ಣೆಯ ಎಳೆ, ಮೈಯಲ್ಲಿ ಹಾಲಿನ ವಾಸನೆ. ನಾನು ಬಂದರೆ ಓಡಿಬಂದು ಬ್ಯಾಗು ಈಸಿಕೊಳ್ಳುತ್ತಿದ್ದವನು ಅವನೊಬ್ಬನೇ. "ಬುಡಿ ನರ್ಸಮ್ಮ, ಬಿಸ್ಲಾಗೆ ಹೊತ್ಕಂಡು ಬಂದ್ಬುಟ್ಟಿದ್ದೀರಿ" ಅನ್ನುತ್ತಿದ್ದ. ಅಂಥ ಒಳ್ಳೆ ಮನುಷ್ಯ ಆ ಹಟ್ಟಿಯಲ್ಲಿ ಇನ್ನೊಬ್ಬನಿಲ್ಲ ಅಂತ ನಾನು ಊರಿಗೆ ಕಾಗದ ಬರೆದಿದ್ದೆ.

ನಮ್ಮ ಕಡೆ ಮಳೆ ಬರುವುದೇ ತಡವಾಗಿ. ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ ಹಿಡಿದದ್ದು ಬಿಡಲೇ ಇಲ್ಲ. ಮಿಡಿಗೇಶಿ ಬೆಟ್ಟದ ಕೋಟೆ ಗೋಡೆ ವಾರಗಟ್ಟಲೆ ಕಾಣಲಿಲ್ಲ. ಅಂಥ ಒಂದು ಮಧ್ಯಾಹ್ನ ನಾನು ಮಕ್ಕಳಿಗೆ ಸೂಜಿ ಹಾಕಲು ಹಟ್ಟಿಗೆ ಹೋದರೆ, ಬೇಲಿಯ ಹೊರಗೆ ಜನ ಗುಂಪುಗೂಡಿದ್ದರು. ಗುಡ್ಲಿನಲ್ಲಿ ಕೆಂಚಮ್ಮ ಸತ್ತು ಬಿದ್ದಿದ್ದಳು. ಹತ್ತೊಂಬತ್ತು ವರ್ಷದವಳು. ಮುಟ್ಟಾಗಿ ಎರಡು ದಿನದಿಂದ ಅಲ್ಲಿದ್ದಳು.

"ಹಾವು ಮುಟ್ಟೈತೆ ಕಣಮ್ಮ" ಎಂದ ಹಟ್ಟಿಯ ಗೌಡ. "ಮೈಯೆಲ್ಲ ನೀಲಿಗಟ್ಟೈತೆ."

ನಾನು ನಿಂತಲ್ಲಿಂದಲೇ ನೋಡಿದೆ. ಗುಡ್ಲಿನ ಬಾಯಲ್ಲಿ ಒಂದು ಕಾಲು ಕಾಣುತ್ತಿತ್ತು, ಆಚೆಗೆ ತಿರುಗಿದ ಮುಖ. ಕೆಸರು ಮೊಣಕಾಲಿನವರೆಗೆ ಇತ್ತು, ನನ್ನ ಸೀರೆ ಬಿಳಿ. ಯಾರೂ ಹತ್ತಿರ ಹೋಗುತ್ತಿರಲಿಲ್ಲ, ನಾನೂ ಹೋಗಲಿಲ್ಲ. ಪುಸ್ತಕ ತೆಗೆದು ಹೆಸರು, ವಯಸ್ಸು ಬರೆದು, ಕಾರಣದ ಜಾಗದಲ್ಲಿ ಹಾವು ಕಡಿತ ಎಂದು ಬರೆದೆ. ಅವರು ಉದ್ದನೆಯ ಗಳುಗಳಿಂದ ಅವಳನ್ನು ಚಾಪೆಯ ಮೇಲೆ ಉರುಳಿಸಿ, ಚಾಪೆಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಮಣ್ಣು ಮಾಡಿದರು. ಅವಳ ತಾಯಿ ಬೇಲಿಯ ಒಳಗೆ ನಿಂತು ಅಳುತ್ತಿದ್ದಳು. ಅವಳೂ ಹತ್ತಿರ ಬರಲಿಲ್ಲ.

ಸಂಜೆಯೊಳಗೆ ಆ ಗುಡ್ಲಿನ ಜಾಗದಲ್ಲಿ ಹೊಸದೊಂದು ಎದ್ದಿತು. ಹುಲ್ಲು ಹೊತ್ತು ತಂದವನು ಸಣ್ಣಪ್ಪ.

ಮೂರು ವಾರ ಕಳೆಯಿತು. ಈ ಸಲ ನನಗೆ ಹೇಳಿ ಕಳಿಸಿದವಳು ದ್ಯಾವಮ್ಮ. ಹಟ್ಟಿಯ ಸೂಲಗಿತ್ತಿ ಅವಳು, ಎಪ್ಪತ್ತರ ಮುದುಕಿ. ಹೆರಿಗೆ ಮಾಡಿಸುವ ಕೈ ಎಂದು ಅವಳಿಗೂ ಬೇಲಿಯ ಹೊರಗೇ ಮನೆ. ನಾನು ಹೋದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಗುಡ್ಲಿನೊಳಗಿಂದ ಮಗು ಕಿರುಚುತ್ತಿತ್ತು. ಹೆತ್ತು ಒಂಬತ್ತು ದಿನವಾಗಿದ್ದ ಸಿದ್ದಮ್ಮ ಸತ್ತಿದ್ದಳು. ಪಕ್ಕದಲ್ಲಿ ಮಗು ಬದುಕಿತ್ತು, ಬೆಳಗಿನಿಂದ ಹಸಿದಿತ್ತು. ನಲವತ್ತು ಜನ ಮೂವತ್ತು ಹೆಜ್ಜೆ ದೂರದಲ್ಲಿ ನಿಂತು ಆ ಕೂಗು ಕೇಳುತ್ತಿದ್ದರು.

"ಯಾಕೆ ಯಾರೂ ಎತ್ಕೊಂಡಿಲ್ಲ?" ಅಂತ ಕೂಗಾಡಿದೆ.

"ಮುದುಕಿ ಕೈಲಿ ತೆವ್ಳಾಕಾಗಾಕಿಲ್ಲ ನರ್ಸಮ್ಮ. ಇವ್ರ್ಯಾರೂ ಮುಟ್ಟಾಕಿಲ್ಲ. ನೀವು ಎತ್ತಿ" ಎಂದಳು ದ್ಯಾವಮ್ಮ.

ತೆವಳಿಕೊಂಡು ಒಳಗೆ ಹೋದೆ. ಮಗುವನ್ನು ಎತ್ತುವಾಗ ಸಿದ್ದಮ್ಮನ ತಲೆ ಈಚೆಗೆ ಹೊರಳಿತು. ನಾಲಿಗೆ ಹಲ್ಲಿನ ನಡುವೆ ಸಿಕ್ಕಿತ್ತು. ಕತ್ತಿನ ಸುತ್ತ ಬೆರಳು ದಪ್ಪದ ಕಪ್ಪು ಗೆರೆ, ಅದರೊಳಗೆ ಹೂತುಹೋದ ಉಣ್ಣೆಯ ಎಳೆಗಳು. ಹುರಿ ಹಾಕಿ ಬಿಗಿದಿದ್ದರು. ಹಾವು ಹುರಿ ಹಾಕುವುದಿಲ್ಲ ಎಂದು ತಿಳಿಯಲು ತರಬೇತಿ ಬೇಕಿರಲಿಲ್ಲ. ಮೊದಲನೆಯ ಸಲ ಹತ್ತಿರ ಹೋಗಿ ನೋಡಿದ್ದರೆ ಸಾಕಿತ್ತು.

ಹೊರಗೆ ಬಂದು ಹೇಳಿದೆ. ಗೌಡ ನನ್ನ ಮಾತಿಗೆ ಮುಂಚೆ ನನ್ನ ಕೈ ನೋಡಿದ. "ಮುಟ್ಬುಟ್ರಲ್ಲ ತಾಯಿ. ಇನ್ನು ಒಳಿಕ್ಕೆ ಬರಬ್ಯಾಡಿ. ಅಲ್ಲೇ ನಿಂತ್ಕಂಡು ಮಾತಾಡಿ" ಎಂದ. ಕೊಲೆ ಎಂದು ನಾನು ಕೂಗಿದೆ. ಅವರು ತಮ್ಮತಮ್ಮಲ್ಲೇ ಏನೋ ಅಂದುಕೊಂಡರು. ಕೊನೆಗೆ ಗೌಡ ಹೇಳಿದ: "ಅಂಗಾದ್ರೆ ಯಾರೋ ಹೊರಗಿನೋನು. ಕಡ್ಲೆಕಾಯಿ ಕೊಳ್ಳಾಕೆ ಲಾರಿನೋರು ಬತ್ತಾರಲ್ಲ, ಅವರ್ಯಾರೋ. ನಮ್ಮೋರು ಸೂತಕದ ಹೆಂಗಸ್ನ ಮುಟ್ಟೋದುಂಟಾ?"

ನಾನೂ ಅದನ್ನೇ ನಂಬಿದೆ. ಹೆತ್ತ ತಾಯಿಯೇ ಮಗಳ ಹೆಣ ಮುಟ್ಟದ ಜಾಗದಲ್ಲಿ ಯಾವ ಗಂಡಸು ಮುಟ್ಟಿಯಾನು ಅಂದುಕೊಂಡೆ. ನನ್ನ ಓದೆಲ್ಲ ಅಷ್ಟಕ್ಕೇ ಬಂದು ನಿಂತಿತ್ತು. ಮಗುವನ್ನು ದ್ಯಾವಮ್ಮನ ಮಡಿಲಿಗೆ ಹಾಕಿ, ಅವಳ ಮೇಕೆಯ ಹಾಲು ಕುಡಿಸಲು ಹೇಳಿ, ನೇರವಾಗಿ ಪೊಲೀಸ್ ಠಾಣೆಗೆ ಹೋದೆ. ದಫೇದಾರರು ಒಳ್ಳೆಯವರು, ಕೂರಿಸಿ ಕೇಳಿದರು. ಹಿಂದೆಯೂ ಒಬ್ಬಳು ಹೀಗೇ ಸತ್ತಿದ್ದಾಳೆ ಎಂದೆ. ನನ್ನ ಪುಸ್ತಕ ತೆಗೆದು ತಿರುವಿದರು. "ಹಾವು ಕಡಿತ ಅಂತ ಇದೆಯಲ್ಲಮ್ಮ. ನಿಮ್ಮದೇ ಕೈಬರಹ ಅಲ್ವಾ?" ಎಂದರು. ಅವರು ನನ್ನ ಜೊತೆ ಹಟ್ಟಿಗೆ ಬರುವ ಹೊತ್ತಿಗೆ ಗುಡ್ಲಿಗೆ ಬೆಂಕಿ ಹಾಕಿದ್ದರು. ಸಿದ್ದಮ್ಮ ಒಳಗೇ ಇದ್ದಳು.

ಆಮೇಲೆ ನನ್ನ ಜೀವವೆಲ್ಲ ರತ್ನಮ್ಮನ ಮೇಲೆ. ಹಟ್ಟಿಯಲ್ಲಿ ನನ್ನ ಜೊತೆ ನಗುತ್ತಿದ್ದ ಹುಡುಗಿ ಅವಳೊಬ್ಬಳೇ. ಚೊಚ್ಚಲ ಬಸುರಿ, ದೀಪಾವಳಿ ಹೊತ್ತಿಗೆ ದಿನ ತುಂಬುತ್ತಿತ್ತು. ಗಂಡ ದೊಡ್ಡ ಮಂದೆ ಹೊಡೆದುಕೊಂಡು ದೂರದ ಗದ್ದೆ ಬಯಲಿಗೆ ಹೋಗಿದ್ದವನು ಸಂಕ್ರಾಂತಿಯವರೆಗೆ ಬರುವವನಲ್ಲ.

"ನರ್ಸಮ್ಮ, ನಾನ್ ಆ ಗುಡ್ಲಿಗೆ ಹೋಗಾಕಿಲ್ಲ. ನಿಮ್ಮಂತಾವ್ಲೇ ಹೆರ್ತೀನಿ, ಕರ್ಕಂಡು ಹೋಗಿ" ಎಂದು ನನ್ನ ಕೈ ಹಿಡಿದುಕೊಂಡಳು.

ಅತ್ತೆ ಒಪ್ಪಲಿಲ್ಲ. ಪರರ ಮನೆಯಲ್ಲಿ ಹೆತ್ತು ಬಂದವಳನ್ನು ಒಳಗೆ ಸೇರಿಸಿದರೆ ಕುರಿಗೆ ರೋಗ ಬರುತ್ತದೆ ಎಂದಳು. ನಾನು ಗೌಡನ ಬಳಿ ಹೋಗಿ ಅರ್ಧ ದಿನ ವಾದ ಮಾಡಿದೆ. ಕೊನೆಗೆ, ಗುಡ್ಲಿನಲ್ಲೇ ಇರಲಿ, ಆದರೆ ಹಟ್ಟಿ ಖಾಲಿಯಾಗುವ ಹಗಲು ಹೊತ್ತು ಯಾರಾದರೂ ಕಾವಲಿರಲೇಬೇಕು ಎಂದು ಹಠ ಹಿಡಿದೆ.

"ಕಡ್ಲೆಕಾಯಿ ಕೀಳೋ ಕಾಲ. ಹೆಂಗಸ್ರು ಮಕ್ಳು ಎಲ್ಲಾ ಹೊಲದಾಗೆ. ಯಾರ್ನ ಕೂರ್ಸಾನ ನೀವೇ ಹೇಳಿ?" ಎಂದ ಗೌಡ.

"ಸಣ್ಣಪ್ಪ ಇದ್ದಾನಲ್ಲ" ಎಂದವಳು ನಾನು. ಇನ್ಯಾರೂ ಅಲ್ಲ, ನಾನು. ಹೇಳಿ ಗೆದ್ದೆ ಅಂತ ಖುಷಿಯೂ ಪಟ್ಟೆ. ಮರಿಯ ಬಾಯಿಗೆ ಬತ್ತಿ ಇಡುತ್ತಿದ್ದ ಸಣ್ಣಪ್ಪ ತಲೆಯೆತ್ತಿ, "ಆಗ್ಲಿ ನರ್ಸಮ್ಮ, ನಾನ್ ನೋಡ್ಕಂತೀನಿ" ಎಂದ.

ರತ್ನಮ್ಮ ಹೆತ್ತಳು. ಹೆಣ್ಣು ಮಗು. ಮೂರನೆಯ ದಿನ ದ್ಯಾವಮ್ಮನನ್ನು ದಾರಿಯಲ್ಲಿ ಜೊತೆ ಮಾಡಿಕೊಂಡು ಹೋದೆ. ನೆತ್ತಿಯ ಮೇಲೆ ಬಿಸಿಲು. ದಾರಿಯ ಎರಡೂ ಕಡೆ ಕಿತ್ತು ಗುಡ್ಡೆ ಹಾಕಿದ ಕಡಲೆ ಗಿಡಗಳ ಹಸಿ ವಾಸನೆ, ಉಸಿರಾಡಲು ಬೇರೆ ಗಾಳಿಯೇ ಇಲ್ಲ. ದ್ಯಾವಮ್ಮ ತನ್ನ ಮೇಕೆಯನ್ನು ದೊಡ್ಡ ಗಂಟಲಿನಲ್ಲಿ ಬೈಯುತ್ತಾ ಬರುತ್ತಿದ್ದಳು. ಆ ಬೈಗುಳವೇ ರತ್ನಮ್ಮನ ಜೀವ ಉಳಿಸಿದ್ದು ಎಂದು ಆಮೇಲೆ ತಿಳಿಯಿತು.

ಗುಡ್ಲಿನ ಬಾಯಲ್ಲಿ ರತ್ನಮ್ಮ ಅಂಗಾತ ಬಿದ್ದಿದ್ದಳು, ಒಳಗೆ ಮಗು ನಿದ್ದೆಯಲ್ಲಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ಕತ್ತಿನ ಮೇಲೆ ಅದೇ ಗೆರೆ, ಈ ಸಲ ಕೆಂಪಗೆ, ಹಸಿಯಾಗಿ. ತುಟಿಯ ಮೇಲೆ ರಕ್ತ, ಅದು ಅವಳದಲ್ಲ. ಮುಖಕ್ಕೆ ನೀರು ಹೊಡೆದೆ, ಅಂಗೈ ಉಜ್ಜಿದೆ. ಕಣ್ಣು ಬಿಟ್ಟಳು. ಮಾತು ಹೊರಡಲಿಲ್ಲ. ಕಣ್ಣು ಮಾತ್ರ ನನ್ನ ಭುಜದ ಆಚೆಗೆ ಹೋಗಿ ನಿಂತಿತು.

ಅಲ್ಲಿ ಬೇಲಿಯ ಪಕ್ಕ, ಮರಿ ಗೂಡಿನ ಮುಂದೆ, ಸಣ್ಣಪ್ಪ ಕೂತಿದ್ದ. ತೊಡೆಯ ಮೇಲೆ ಒಂದು ಮರಿ. ಎಡಗೈಗೆ ಟವಲು ಸುತ್ತಿಕೊಂಡಿದ್ದ, ಟವಲು ಒದ್ದೆಯಾಗಿ ಕೆಂಪಾಗಿತ್ತು. "ಏನಾಯ್ತು ನರ್ಸಮ್ಮ?" ಎಂದು ಕೇಳಿದ.

ದ್ಯಾವಮ್ಮ ಕೋಲೂರಿಕೊಂಡು ನೇರ ಅವನ ಹತ್ತಿರ ಹೋದಳು. "ಕೈಗೇನ್ಲಾ?"

"ಮರಿ ಕಚ್ತು ಕಣಜ್ಜಿ."

ಮುದುಕಿ ಟವಲನ್ನು ಕಿತ್ತೆಳೆದಳು. ಹೆಬ್ಬೆರಳಿನ ಬುಡದಲ್ಲಿ ಮೇಲೊಂದು ಸಾಲು, ಕೆಳಗೊಂದು ಸಾಲು, ಎರಡೂ ಆಳವಾಗಿ ಮೂಡಿದ್ದವು. ಅವಳು ಬಗ್ಗಿ ಅವನ ತೊಡೆಯ ಮೇಲಿದ್ದ ಮರಿಯ ಬಾಯಿ ಅಗಲಿಸಿ ಹಿಡಿದಳು. ಕೆಳಗೆ ಪುಟ್ಟ ಹಲ್ಲುಗಳು, ಮೇಲೆ ಬರಿಯ ವಸಡು.

"ಕುರಿಗೆ ಮ್ಯಾಗಡೆ ಹಲ್ಲು ಎಲ್ಲೈತ್ಲಾ?" ಎಂದಳು. "ಕುರಿ ಕಾಯೋರ ಹೊಟ್ಟೇಲಿ ಹುಟ್ಟಿ ಯಾರ್ಗ್ಲಾ ಈ ಮಾತು ಹೇಳ್ತೀಯಾ?"

ಅವನು ಮರಿಯನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. ದ್ಯಾವಮ್ಮ ನನ್ನ ಕಡೆ ತಿರುಗಿದಳು. "ಇವನ ಹೆಂಡ್ರೂ ಆ ಗುಡ್ಲಾಗೇ ಸತ್ತಿದ್ದು ನರ್ಸಮ್ಮ. ಹತ್ತು ವರ್ಸಾತು. ಅವತ್ತೂ ಹಾವೇ ಅಂದ್ರು" ಎಂದಳು.

ಈಗ ಸಾಕ್ಷಿಯೇ ಬದುಕಿದೆ, ಇನ್ನು ಇವನು ತಪ್ಪಿಸಿಕೊಳ್ಳುವುದುಂಟೇ ಅಂದುಕೊಂಡೆ. ಠಾಣೆಗೆ ಆಳು ಕಳಿಸಿದೆ. ದಫೇದಾರರು ಮಾರನೆಯ ದಿನ ಬಂದರು. ಅವರು ಬರುವ ಮೊದಲೇ ದ್ಯಾವಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಬಾಣಂತೀನ ಗಂಡ್ಸು ಮುಟ್ದ ಅಂದ್ರೆ ಅವಳ್ನ ಇನ್ನು ಬೇಲಿ ಒಳಿಕ್ಕೆ ಬುಡಾಕಿಲ್ಲ ಕಣವ್ವ. ಮಗೀನೂ ಬುಡಾಕಿಲ್ಲ. ಗಂಡ ಬೇರೆ ಮದ್ವೆ ಆಯ್ತಾನೆ. ತೌರ್ನೋರೂ ಸೇರ್ಸಾಕಿಲ್ಲ. ಅದ್ನ ನೆನಪಲ್ಲಿಟ್ಕಳಿ." ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸರ್ಕಾರದ ಕಾನೂನಿನ ಮುಂದೆ ಇದೆಲ್ಲ ಯಾವ ಲೆಕ್ಕ ಎಂಬ ಧಿಮಾಕು.

ಬೇವಿನ ಮರದ ಕೆಳಗೆ ಗೌಡ, ಗಂಡಸರು, ದಫೇದಾರರು ಕೂತರು. ಸಣ್ಣಪ್ಪ ಒಂದು ಕಡೆ ತಲೆ ತಗ್ಗಿಸಿ ಕೂತಿದ್ದ. ರತ್ನಮ್ಮನನ್ನು ಮೂವತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿದ್ದರು, ಕಂಕುಳಲ್ಲಿ ನಾಲ್ಕು ದಿನದ ಮಗು. ಸೆರಗನ್ನು ಕತ್ತಿನ ಸುತ್ತ ಎರಡು ಸುತ್ತು ಸುತ್ತಿಕೊಂಡಿದ್ದಳು. ಯಾರು ಕೊಂದರು, ಯಾಕೆ ಕೊಂದರು ಎಂದು ಗೌಡ ಕೇಳಲಿಲ್ಲ. ಒಂದೇ ಮಾತು ಕೇಳಿದ.

"ಇವ್ನು ನಿನ್ನ ಮುಟ್ಟಿದ್ನಾ?"

ರತ್ನಮ್ಮ ಮೊದಲು ಬೇಲಿಯ ಬಾಗಿಲು ನೋಡಿದಳು. ಒಳಗೆ ಅವಳ ಅತ್ತೆ ನಿಂತಿದ್ದಳು. ಆಮೇಲೆ ಮಗುವನ್ನು ನೋಡಿದಳು. ನನ್ನ ಕಡೆ ನೋಡಲಿಲ್ಲ.

"ಇಲ್ಲ" ಎಂದಳು. ಬಿರಿದ ಗಂಟಲಿನಿಂದ ಆ ಒಂದು ಮಾತು ಹೊರಡಿಸಲು ಎರಡು ಸಲ ಎಂಜಲು ನುಂಗಿದಳು.

"ಕತ್ತಿಗೆ ಏನಾಯಿತಮ್ಮ?" ಎಂದು ಕೇಳಿದರು ದಫೇದಾರರು.

"ಗುಡ್ಲಿನ ಹಗ್ಗ ಸಿಕ್ಕಾಕ್ಕಂತು. ಮಲಗಿದ್ದಾಗ."

ನಾನು ಹುಚ್ಚಿಯ ಹಾಗೆ ಕಿರುಚಿದೆ. ಸುಳ್ಳು, ಇವಳು ಹೆದರಿ ಹೇಳುತ್ತಿದ್ದಾಳೆ, ಕೈ ನೋಡಿ, ಹಲ್ಲಿನ ಗುರುತು ನೋಡಿ ಎಂದೆ. ದಫೇದಾರರು ನನ್ನನ್ನು ಮರುಕದಿಂದ ನೋಡಿದರು. ಗಾಯಗೊಂಡವಳೇ ಇಲ್ಲ ಎಂದ ಮೇಲೆ ಅವರು ಯಾವ ಕೇಸು ಬರೆಯಬೇಕು? ಗೌಡ ಸಣ್ಣಪ್ಪನ ಕೈಲಿ ದೇವರ ಮುಂದೆ ಆಣೆ ಮಾಡಿಸಿದ. ತಲೆ ಮೇಲೆ ನೀರು ಸುರಿದು ಒಳಗೆ ಕರೆದುಕೊಂಡರು. ಅವತ್ತು ಹಸಿದ ಮರಿಗಳು ಬಹಳ ಕೂಗುತ್ತಿದ್ದವು, ಅವನು ಮೊದಲು ಅಲ್ಲಿಗೇ ಹೋದ.

ನಾನು ಬಸ್ಸಿಗೆ ಹೊರಟಾಗ ಹಿಂದಿನಿಂದ ಬಂದು ಎಂದಿನಂತೆ ಕೈಚಾಚಿದ. "ಬ್ಯಾಗ್ ಕೊಡಿ ನರ್ಸಮ್ಮ." ಕೊಟ್ಟೆ. ಯಾಕೆ ಕೊಟ್ಟೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ, ಕೈ ತಾನಾಗಿ ಹೋಯಿತು. ಎರಡು ಮೈಲಿ ಅವನು ಮುಂದೆ, ನಾನು ಹಿಂದೆ. ಬಸ್ಸಿನ ರಸ್ತೆ ಕಂಡ ಮೇಲೆ ಧೈರ್ಯ ಬಂದು ಕೇಳಿದೆ, ಯಾಕೆ ಹೀಗೆ ಮಾಡಿದೆ ಎಂದು. ಅವನು ತುಸು ಯೋಚಿಸಿದ. ಮರೆತ ಹೆಸರನ್ನು ನೆನಪು ಮಾಡಿಕೊಳ್ಳುವವನ ಮುಖವಿತ್ತು.

"ಒಬ್ಬೊಬ್ರೇ ಇರ್ತಿದ್ರು ಕಣಮ್ಮ. ಯಾರೂ ಮುಟ್ಟಾಂಗಿಲ್ಲ. ನಾನು ಮುಟ್ದೆ" ಎಂದ. ಬ್ಯಾಗನ್ನು ಧೂಳಿಲ್ಲದ ಕಲ್ಲು ನೋಡಿ ಇಟ್ಟು, ತಿರುಗಿ ಹೋದ.

ವಾರದ ಮೇಲೆ ರತ್ನಮ್ಮನ ಬಳಿ ಹೋದೆ. ಕನಿಕರಕ್ಕಲ್ಲ, ಜಗಳಕ್ಕೆ. ಗುಡ್ಲಿನ ಮುಂದೆ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಊಟದ ಕಲ್ಲಿನ ಮೇಲೆ ಮುದ್ದೆಯ ತಟ್ಟೆ ಇತ್ತು, ಇಟ್ಟವನು ಅವನೇ. "ಯಾಕೆ ಸುಳ್ಳು ಹೇಳಿದೆ? ಮೂವರು ಹೆಣ್ಣುಮಕ್ಕಳ ಜೀವ ಹೋಗಿದೆ. ನಿನಗೆ ನಾಚಿಕೆ ಆಗಲ್ವಾ?" ಎಂದೆ. ಹೌದು, ಕತ್ತು ಹಿಸುಕಿಸಿಕೊಂಡವಳಿಗೆ ನಾನು ಹೇಳಿದ ಮಾತು ಅದು.

ಅವಳು ಸಿಟ್ಟಾಗಲಿಲ್ಲ. "ನಿಜ ಹೇಳಿದ್ರೆ ನಾನೂ ನನ್ನ ಮಗಳೂ ಎಲ್ಲಿಗೆ ಹೋಗಾನ ನರ್ಸಮ್ಮ? ನಿಮ್ಮನೇಲಿ ಮಡೀಕಂತಿದ್ರಾ?" ಎಂದು ಕೇಳಿದಳು.

ನನ್ನ ಕೋಣೆಯಲ್ಲಿ ಇನ್ನೊಂದು ಚಾಪೆಗೆ ಜಾಗವಿತ್ತು. ಮನೆಯ ಒಡೆಯ ಏನೆನ್ನುತ್ತಾನೋ, ಕೊರಟಗೆರೆಯಲ್ಲಿ ನೋಡಿಟ್ಟಿದ್ದ ಗಂಡಿನ ಕಡೆಯವರು ಏನೆನ್ನುತ್ತಾರೋ ಎಂದು ಒಂದೇ ಉಸಿರಿನಲ್ಲಿ ನೂರು ಯೋಚನೆ ಬಂದವು. ಅವಳು ನನ್ನ ಬಾಯನ್ನೇ ನೋಡುತ್ತಾ ಕಾದಳು. ನಾನು ಮಗುವಿನ ತೂಕ ನೋಡಿ, ಬರೆದುಕೊಂಡು, ಎದ್ದು ಬಂದೆ.

ಆಮೇಲೆ ಹಟ್ಟಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಸಂಕ್ರಾಂತಿ ಕಳೆದು ಬಿಸಿಲು ಏರಿತು. ರತ್ನಮ್ಮನನ್ನು ನೀರು ಹೊಯ್ದು ಬೇಲಿಯ ಒಳಗೆ ಕರೆದುಕೊಂಡರಂತೆ, ಗಂಡ ಬಂದು ಮಗುವಿಗೆ ಕಾಲ್ಗಡಗ ಹಾಕಿದನಂತೆ. ಸದ್ಯ ಬದುಕಿದಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೈ ಹುಷಾರಿಲ್ಲ ಎಂದು ವರ್ಗಕ್ಕೆ ಅರ್ಜಿ ಹಾಕಿದೆ. ಯುಗಾದಿಯಾದ ಮೇಲೆ ಸಿರಾ ಕಡೆಗೆ ಆರ್ಡರು ಬಂತು.

ಹೊರಡುವ ದಿನ ಟ್ರಂಕು, ಹಾಸಿಗೆ ಕಟ್ಟಿ ರಸ್ತೆಯ ಬದಿಯಲ್ಲಿ ಕೂತಿದ್ದೆ. ಬಸ್ಸು ಎರಡು ಗಂಟೆಗೆ. ಒಂದೂವರೆಯ ಹೊತ್ತಿಗೆ ದ್ಯಾವಮ್ಮ ಬಂದಳು. ಆ ಉರಿಬಿಸಿಲಿನಲ್ಲಿ ಎರಡು ಮೈಲಿ ನಡೆದು ಬಂದಿದ್ದಳು, ಉಸಿರು ಸಿಗುತ್ತಿರಲಿಲ್ಲ.

"ರತ್ನಿ ಬೆಳಿಗ್ಗೆ ಹೊರಗಾದ್ಲು ನರ್ಸಮ್ಮ" ಎಂದಳು. "ಹೆತ್ಮ್ಯಾಲೆ ಇದೇ ಮೊದ್ಲು. ಗುಡ್ಲಿಗೆ ಕಳಿಸ್ಯವ್ರೆ. ಗಂಡ ಮಂದೆ ಹಿಂದೆ ಹೋಗವ್ನೆ. ಅವ್ನು ಅಲ್ಲೇ ಮರಿಗೂಡ್ತಾವ ಕೂತವ್ನೆ. ಮೂರೇ ದಿನ, ನೀವು ಬಂದು ಅವಳ ಜೊತೆ ಕೂತ್ಕಂಡ್ರೆ ಸಾಕು. ನಿಮಗಾದ್ರೆ ಹೆದರ್ತಾನೆ. ನಾನು ಮುದುಕಿ."

"ನನಗೆ ಆರ್ಡರ್ ಬಂದಿದೆ ದ್ಯಾವಮ್ಮ. ನಾಳೆಯೇ ಅಲ್ಲಿ ಸೇರ್ಕೋಬೇಕು. ಹೊಸ ನರ್ಸು ಸೋಮವಾರ ಬರ್ತಾರೆ, ಅವರಿಗೆ ಹೇಳು" ಎಂದೆ.

ಮುದುಕಿ ನನ್ನ ಟ್ರಂಕು ನೋಡಿದಳು, ಹಾಸಿಗೆ ಸುರುಳಿ ನೋಡಿದಳು. ಕೋಲು ಎತ್ತಿಕೊಂಡು, ಬಂದ ದಾರಿಯಲ್ಲೇ ಹಟ್ಟಿಯ ಕಡೆಗೆ ಬಿರಬಿರನೆ ನಡೆದಳು. ಎಪ್ಪತ್ತು ವರ್ಷದ ಆ ಕಾಲುಗಳು ಓಡಲು ನೋಡುತ್ತಿದ್ದವು.

ಬಸ್ಸು ಬಂತು. ಕಂಡಕ್ಟರು ಟ್ರಂಕನ್ನು ಮೇಲೆ ಹಾಕಿಸಿದ. ನಾನು ಹತ್ತಿದೆ, ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು, ಕೂತೆ.